ತನ್ನದೇ ಪ್ರೋಗ್ರಾಮಿನ ಕಳ್ಳಪ್ರತಿ ಕೇಳಲು ಹೋದವನು

ನನ್ನ ತಂಗಿಯ ಗಂಡನನ್ನು ಮನೆಯಲ್ಲಿ ಎಲ್ಲರೂ ಅಳಿಯ ಅಂತಲೇ ಕರೆಯುವುದು. ಕಂಪ್ಯೂಟರ್ ಪ್ರೋಗ್ರಾಮ್ ಬರೆದು ಬದುಕುವವನು. ಸ್ಕೂಟರ್ ರಿಪೇರಿ ಶೆಡ್ಡಿನ ಮೇಲೊಂದು ಕೋಣೆ, ಸ್ಪಂಜು ಹೊರಬಂದ ಕುರ್ಚಿ, ಅಷ್ಟೇ ಅವನ ಕಚೇರಿ. ಹದಿನಾಲ್ಕು ವರ್ಷದಿಂದ ಒಂದೇ ಪ್ರೋಗ್ರಾಮನ್ನು ತಿದ್ದುತ್ತ ಕೂತಿದ್ದಾನೆ. ಸಕ್ಕರೆ ಕಾಯಿಲೆಯಿಂದ ಪಾದ ಹುಣ್ಣಾದವರಿಗೆ, ಬೆರಳು ಕಳೆದುಕೊಂಡವರಿಗೆ ಶೂ ಹೊಲಿಯುವ ಅಂಗಡಿಗಳಿವೆಯಲ್ಲ, ಅಲ್ಲಿ ಪಾದದ ಅಳತೆ ಕೊಟ್ಟರೆ ಅವನ ಪ್ರೋಗ್ರಾಮು ಅಟ್ಟೆಯ ಆಕಾರ ಬಿಡಿಸಿ ಕತ್ತರಿಸುವ ಮಿಷನ್ನಿಗೆ ಕಳಿಸುತ್ತದೆ. "ನನಗಿಂತ ಹೆಚ್ಚಾಗಿ ಆ ಅಟ್ಟೆ ಜೊತೇಲೇ ಸಂಸಾರ ಮಾಡಿದಾರೆ," ಎಂದು ತಂಗಿ ಗೊಣಗುತ್ತಾಳೆ.

ಅದನ್ನು ಅವನು ಪೈಥಾನ್ ಎಂಬ ಸರಳ ಕಂಪ್ಯೂಟರ್ ಭಾಷೆಯಲ್ಲಿ ಬರೆದಿದ್ದ. ಇದೇ ಕಸುಬಿನ ಹೊಸ ಹುಡುಗರು ಮೂಗು ಮುರಿದಿದ್ದರು. "ಅಣ್ಣಾ, ಇದು ಆಮೆ. ಸಿ ಪ್ಲಸ್ ಪ್ಲಸ್‌ನಲ್ಲಿ ಬರೀಬಾರ್ದಾ?"

"ಒಂದು ಅಟ್ಟೆ ಕತ್ತರಿಸೋಕೆ ಮಿಷನ್ನಿಗೇ ಇಪ್ಪತ್ತು ನಿಮಿಷ ಬೇಕು. ನಾನು ಅರ್ಧ ಸೆಕೆಂಡ್ ಉಳಿಸಿ ಯಾವ ಯುದ್ಧ ಗೆಲ್ಲಬೇಕಿತ್ತು? ನಾಳೆ ನಾನು ಗೊಟಕ್ ಅಂದ್ರೆ ಇದನ್ನ ಓದಿ ತಿದ್ದೋರು ಇರಬೇಕಲ್ಲ!"

ಅವನಿಗೊಬ್ಬ ಪಾಲುದಾರ. ಅಳಿಯ ಬರೆದದ್ದನ್ನು ಅಂಗಡಿಗಳಿಗೆ ಮಾರುವವನು. ಸುಡುಬಿಸಿಲಲ್ಲೂ ಟೈ ಬಿಚ್ಚದ ಆಸಾಮಿಯಾದ್ದರಿಂದ ನಾನು ಅವನಿಗೆ ಟೈಯಪ್ಪ ಅಂತ ಹೆಸರಿಟ್ಟಿದ್ದೇನೆ. ಕಳ್ಳಪ್ರತಿಗಳು ಓಡಾಡುತ್ತಿವೆ ಎಂದು ಗೊತ್ತಾದದ್ದೇ ತಡ, ದುಡ್ಡು ಕೊಡದವರು ಓಡಿಸಲಾಗದಂತೆ ಪ್ರೋಗ್ರಾಮಿಗೆ ಬೀಗ ಹಾಕಬೇಕೆಂದು ಟೈಯಪ್ಪ ಹಟ ಹಿಡಿದ. ಬೀಗ ಬೇರೊಂದು ಕಂಪನಿಯದು. ಪೈಥಾನನ್ನು ಯಾರು ಬೇಕಾದರೂ ತೆರೆದು ಓದಿ ಬೀಗ ಕೀಳುತ್ತಾರೆ, ಯಾರೂ ಓದಲಾಗದಂತೆ ಬರೆಯಿರಿ ಎಂದರು ಅವರು.

"ಬೀಗ ಒಡೆಯೋನಿಗೆ ಅದು ಒಂದು ಮಧ್ಯಾಹ್ನದ ಕೆಲಸ ಕಣಯ್ಯಾ. ಕೊಂಡ್ಕೊಂಡೋನಿಗೆ ಮಾತ್ರ ದಿನಾ ಕಾಟ," ಎಂದು ಅಳಿಯ ಬಡಕೊಂಡ.

"ನೀನು ಬರಿ. ವ್ಯಾಪಾರ ನನಗೆ ಬಿಡು."

ಬರೆದ. ಎಂಟು ತಿಂಗಳು ಕಣ್ಣು ಕೆಂಪಗೆ ಮಾಡಿಕೊಂಡು ಎಲ್ಲವನ್ನೂ, ಮಾರುವ ಪ್ರತಿಯಲ್ಲಿ ಓದಲು ಸಿಗದ ಸಿ ಪ್ಲಸ್ ಪ್ಲಸ್‌ಗೆ ತಿರುಗಿಸಿದ. ಮೂಲ ಬರಹ ಟೈಯಪ್ಪನ ಆಫೀಸಿನಲ್ಲೇ ಇರಬೇಕು, ಬೇರೆಲ್ಲೂ ಪ್ರತಿ ಉಳಿಯಕೂಡದು ಎಂಬ ಕರಾರಿಗೆ ಸಹಿ ಹಾಕಿ, ತನ್ನ ಕೋಣೆಯಲ್ಲಿದ್ದ ಹಳೆಯ ಪೈಥಾನ್ ಪ್ರತಿಯನ್ನೂ ಅಳಿಸಿಬಿಟ್ಟ. ಅಂಥ ಪೆದ್ದ. ಪಾಲುದಾರಿಕೆ ಬಿಟ್ಟು ಎದ್ದು ಬರಬೇಕಿತ್ತು ಅನ್ನುವುದು ಸುಲಭ. ಹಿಂದೆ ಚಳವಳಿಯಲ್ಲಿ ಕೆಲಸ ಬಿಟ್ಟು ಎದ್ದು ಬಂದವರ ಮನೆಯ ಆರಿದ ಒಲೆ ಕಂಡವನು ನಾನು, ಹೆಚ್ಚು ಬೈಯಲಾರೆ.

ಒಂದು ಭಾನುವಾರ, ಅಳಿಯನ ಪ್ರೋಗ್ರಾಮು ಕೊಂಡಿದ್ದ ಒಬ್ಬ ಶೂ ಮೇಸ್ತ್ರಿಯ ಹೆಂಡತಿ ಫೋನ್ ಮಾಡಿದಳು. ಅವರ ಅಂಗಡಿಯಲ್ಲಿ ಹಳೆಯದನ್ನು ತೆಗೆದು ಬೀಗದ ಪ್ರೋಗ್ರಾಮು ಹಾಕಿ ಇನ್ನೂ ವಾರ ತುಂಬಿರಲಿಲ್ಲ. ಅಳಿಯನ ಸ್ಕೂಟರಿನ ಹಿಂದೆ ನಾನೂ ಕೂತು ಹೋದೆ. ಅಂಟಿನ ವಾಸನೆಯ ಎರಡು ಕೋಣೆ. ಬೆಂಚಿನ ಮೇಲೆ ಬ್ಯಾಂಡೇಜು ಸುತ್ತಿದ ಕಾಲು ಚಾಚಿಕೊಂಡು ಒಬ್ಬ ಪೋಸ್ಟ್‌ಮ್ಯಾನ್. ಹೆಬ್ಬೆರಳು ಆಗಲೇ ಹೋಗಿದೆ. ನಾಳೆ ಡ್ಯೂಟಿಗೆ ಹಾಜರಾಗಬೇಕು. ಹಳೆ ಶೂ ಹಾಕಿ ನಡೆದರೆ ಹುಣ್ಣು ಬಾಯಿ ಬಿಟ್ಟು ಪಾದವೇ ಹೋದೀತೆಂದು ಡಾಕ್ಟರು ಹೆದರಿಸಿದ್ದಾರೆ. ಕೈಯಲ್ಲಿ ಕೆತ್ತಿದರೆ ಮೇಸ್ತ್ರಿಗೆ ಮೂರು ದಿನ ಬೇಕು. ಕಂಪ್ಯೂಟರಿನ ಮೇಲೆ ಮಾತ್ರ ಒಂದೇ ಸಾಲು: ಅಕ್ರಮ ಬಳಕೆ, ಪ್ರೋಗ್ರಾಮ್ ಸ್ಥಗಿತ.

"ಏನ್ ಮುಟ್ಟಿದೆಯಮ್ಮಾ?" ಅಳಿಯ ಕೇಳಿದ.

ಅವಳು ಗಂಡನ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದಳು. "ತಾರೀಖು, ಅಣ್ಣಾ. ಗಡುವು ಬಂದು ಕಂಪ್ಯೂಟರಲ್ಲಿ ಆರ್ಡರು ಕೆಂಪಗಾಗೋವರೆಗೆ ಈ ಮಹಾರಾಯ ಉಳಿ ಎತ್ತಲ್ಲ. ಅದಕ್ಕೇ ನಾನು ಕಂಪ್ಯೂಟರಿನ ತಾರೀಖನ್ನ ಯಾವಾಗ್ಲೂ ಎರಡು ದಿನ ಮುಂದೆ ಇಟ್ಟಿರ್ತೀನಿ. ಆಸ್ಪತ್ರೆಯವರು ಅಳತೆ ಚೀಟೀಲಿ ಸರಿಯಾದ ತಾರೀಖೇ ಬೇಕು ಅಂದ್ರು, ಹಿಂದಕ್ಕೆ ತಂದೆ."

"ಎಷ್ಟು ವರ್ಷದಿಂದ?" ಮೇಸ್ತ್ರಿ ಬಾಯಿ ತೆರೆದ.

"ಆರು. ನೀವು ಕತ್ತರಿಸ್ರೀ ಸುಮ್ನೆ."

ಪೋಸ್ಟ್‌ಮ್ಯಾನ್ ಕೂಡ ನಕ್ಕ. ಅಳಿಯನಿಗೆ ನಗು ಬರಲಿಲ್ಲ. ತಾರೀಖು ಹಿಂದಕ್ಕೆ ಸರಿದರೆ ಬೀಗದ ಲೆಕ್ಕದಲ್ಲಿ ಅದು ಅವಧಿ ಮುಗಿದ ಪ್ರೋಗ್ರಾಮನ್ನು ಓಡಿಸುವ ಹುನ್ನಾರ, ಕಳ್ಳತನ. ಮತ್ತೆ ಮುಂದಕ್ಕೆ ತಳ್ಳಿದರೂ ಬೀಗ ಅಲುಗಲಿಲ್ಲ. ಬೀಗದ ಕಂಪನಿಯ ಫೋನಿನಲ್ಲಿ ರೆಕಾರ್ಡು ಹಾಡುತ್ತಿತ್ತು. ಟೈಯಪ್ಪನ ಫೋನು ಸ್ವಿಚ್ ಆಫ್. ತಾನೇ ಬರೆದ ಪ್ರೋಗ್ರಾಮಿನ ಮುಂದೆ ಅಳಿಯ ಹೊರಗಿನವನಾಗಿ ನಿಂತಿದ್ದ. ಕೀಲಿಮಣೆಯನ್ನು ಒಮ್ಮೆ ಗುದ್ದಿದ.

ಮೇಸ್ತ್ರಿ ಕೆಮ್ಮಿದ. "ತಪ್ಪು ತಿಳೀಬೇಡಿ. ಆಚೆ ಬೀದಿಯ ಶೂ ಅಂಗಡೀಲಿ ನಿಮ್ಮದೇ ಕಳ್ಳಪ್ರತಿ ಚೆನ್ನಾಗಿ ಓಡ್ತಾ ಇದೆ."

ಹೋದೆವು. ಆ ಅಂಗಡಿಯವನು ಅಳಿಯನನ್ನು ಕಂಡದ್ದೇ ಬಾಗಿಲಿಗೆ ಅಡ್ಡ ನಿಂತ. "ಏನ್ ಸಾರ್, ರೈಡಾ?"

"ಅಲ್ಲಪ್ಪಾ. ನಂಗೊಂದು ಕಾಪಿ ಕೊಡು."

ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. "ತಮಗಿಲ್ಲದ್ದಾ ಸಾರ್! ಒಂದಲ್ಲ, ಎರಡು ತಗೊಳ್ಳಿ." ಪೆನ್‌ಡ್ರೈವ್ ತುಂಬಿಕೊಟ್ಟ. ಅಳಿಯ ಕಿವಿವರೆಗೂ ಕೆಂಪಾಗಿದ್ದ.

ಅದು ಬೀಗಕ್ಕೂ ಹಿಂದಿನ ಪೈಥಾನ್ ಪ್ರತಿ. ಅದರಲ್ಲೊಂದು ಹಳೆಯ ತಪ್ಪಿತ್ತು. ಹೆಬ್ಬೆರಳಿಲ್ಲದ ಪಾದದಲ್ಲಿ ಭಾರ ಎಲ್ಲಿ ಬೀಳುತ್ತದೆ ಎಂಬ ಲೆಕ್ಕವೇ ಓರೆ. ಹೊಸದರಲ್ಲಿ ತಿದ್ದಿದ್ದ, ಇದರಲ್ಲಿ ಹಾಗೇ ಇತ್ತು. ಹಾಗೇ ಕತ್ತರಿಸಿದ್ದರೆ ಅಟ್ಟೆ ಹುಣ್ಣಿಗೇ ಒತ್ತುತ್ತಿತ್ತು. ಅಳಿಯ ಮೇಸ್ತ್ರಿಯ ಅಂಗಡಿಯಲ್ಲಿ ಕೂತು, ಪ್ರತಿ ತೆರೆದು ಎರಡು ಸಾಲು ತಿದ್ದಿದ. ಹಿಂದೆ ನಿಂತು ನೋಡುತ್ತಿದ್ದ ಮೇಸ್ತ್ರಿಯ ಹೆಂಡತಿ, "ಬೆರಳಿದ್ರೆ ಹೀಗೆ, ಇಲ್ದಿದ್ರೆ ಹಾಗೆ. ಅಷ್ಟೇ ಅಲ್ವಾ ಅಣ್ಣಾ?" ಅಂದಳು.

"ಅಷ್ಟೇ ಕಣಮ್ಮಾ," ಎಂದ ಅಳಿಯ. "ಅಷ್ಟನ್ನ ಮುಚ್ಚಿಡೋಕೆ ಎಂಟು ತಿಂಗಳು ಕತ್ತೆ ದುಡಿದ ಹಾಗೆ ದುಡಿದೆ."

ಸಂಜೆ ಐದಕ್ಕೆ ಪೋಸ್ಟ್‌ಮ್ಯಾನ್ ಹೊಸ ಶೂ ಹಾಕಿ ಅಂಗಡಿಯುದ್ದಕ್ಕೂ ನಾಲ್ಕು ಸಲ ನಡೆದ. "ಒತ್ತಲ್ಲ," ಎಂದ. ಹಳೆಯ ಜೋಡನ್ನು ಅಲ್ಲೇ ಬಿಟ್ಟು ಹೋದ.

ನಾವು ಮನೆಗೆ ಹೊರಟೆವು. ಅಳಿಯ ಸ್ಕೂಟರನ್ನು ಆಚೆ ಬೀದಿಗೆ ತಿರುಗಿಸಿದ. "ಅವನ ಗಿರಾಕಿಗಳಿಗೂ ಕಾಲಿದೆಯಲ್ಲ, ಮಾರಾಯ್ರೇ," ಎನ್ನುತ್ತ ಒಳಗೆ ಹೋಗಿ ಕಳ್ಳನ ಪ್ರತಿಯನ್ನೂ ತಿದ್ದಿ ಬಂದ.

ಸೋಮವಾರ ಟೈಯಪ್ಪ ಮೇಸ್ತ್ರಿಯ ಅಂಗಡಿಗೆ ಬೀಗ ತೆರೆಯುವ ಇಪ್ಪತ್ತೈದು ಅಕ್ಷರದ ಸಂಕೇತ ಕಳಿಸಿ, ಎಲ್ಲ ಸರಿಹೋಯಿತಲ್ಲ ಅಂದನಂತೆ. ಮೇಸ್ತ್ರಿಯ ಹೆಂಡತಿ ಅದನ್ನು ಒತ್ತಲೇ ಇಲ್ಲ. ಅಲ್ಲಿ ಈಗಲೂ ಓಡುತ್ತಿರುವುದು ಕಳ್ಳಪ್ರತಿಯೇ. ಉಳಿದ ಮೂವತ್ತು ಅಂಗಡಿಗಳಲ್ಲಿ ಬೀಗ ಹಾಗೇ ಇದೆ. ತೆಗೆಯೋಣ ಎಂದು ಅಳಿಯ ವಾರಕ್ಕೊಮ್ಮೆ ಕೇಳುತ್ತಾನೆ, ಟೈಯಪ್ಪ ವಾರಕ್ಕೊಮ್ಮೆ ಕರಾರು ತೋರಿಸುತ್ತಾನೆ.