ಅಳು ಬೇರೆ, ಸಂಕಟ ಬೇರೆ

ಮೂರನೇ ವಾರ್ಡಿನ ಆಯಮ್ಮ ಓದಿದ್ದು ಬರೀ ನಾಲ್ಕನೇ ಕ್ಲಾಸು. ಆದರೆ ಇಪ್ಪತ್ತೆಂಟು ವರ್ಷ ರೋಗಿಗಳ ಮೈ ಒರೆಸಿ, ಮಗ್ಗುಲು ಹೊರಳಿಸಿ ಮಲಗಿಸಿದ ಕೈ ಅವಳದು. ಯಾರಿಗೆ ಎಲ್ಲಿ ನೋವೆಂದು ಅವಳ ಅಂಗೈಗೇ ತಿಳಿಯುತ್ತಿತ್ತು.

ಕಿಟಕಿ ಪಕ್ಕದ ಮಂಚದ ಅಜ್ಜಿಗೆ ಪಾರ್ಶ್ವವಾಯು ಬಡಿದು ಬಲಭಾಗ ಬಿದ್ದುಹೋಗಿತ್ತು, ಮಾತು ನಿಂತಿತ್ತು. ಮಗಳು ಕಾಲೇಜಿನಲ್ಲಿ ಮನಸ್ಸಿನ ವಿಚಾರ ಪಾಠ ಹೇಳುವ ಮೇಡಂ. ದಿನಾ ಸಂಜೆ ನಾಲ್ಕಕ್ಕೆ ಅವಳು ಬಾಗಿಲಲ್ಲಿ ಕಂಡರೆ ಸಾಕು, ಅಜ್ಜಿ ಗೊಳೋ ಎಂದು ಅಳುತ್ತಿದ್ದಳು. ಹತ್ತು ದಿನ ಸಹಿಸಿದ ಮಗಳು ಹನ್ನೊಂದನೆಯ ದಿನ ಹೊರಗೇ ನಿಂತುಬಿಟ್ಟಳು.

"ಆಯಮ್ಮ, ನಾಳೆಯಿಂದ ನಾನು ಬರಲ್ಲ. ನನ್ನ ಕಂಡ್ರೆ ಅಮ್ಮಂಗೆ ಸಂಕಟ ಆಗುತ್ತೆ."

"ಸಂಕಟ ಅಂತ ಯಾರು ಹೇಳಿದ್ದು?"

"ನೋಡಿದ್ರೆ ಗೊತ್ತಾಗಲ್ವಾ? ಮುಖ ಮನಸ್ಸಿನ ಕನ್ನಡಿ ಅಂತ ನಾನೇ ಪಾಠ ಮಾಡ್ತೀನಿ."

"ಆ ಕನ್ನಡಿ ಈಗ ಒಡೆದಿದೆ ಕಣಮ್ಮ. ಊಟದ ಗಾಡಿ ಬಂದ್ರೂ ನಿಮ್ಮಮ್ಮ ಹೀಗೇ ಅಳ್ತಾರೆ. ಪಕ್ಕದ ಮಂಚದೋರು ಸೀನಿದ್ರೂ ಅಳ್ತಾರೆ. ಹಾಗಂತ ಊಟ ನಿಲ್ಸೋದಾ, ಸೀನೋರ ಮೂಗು ಕಟ್ಟೋದಾ?"

ಮಗಳಿಗೆ ನಗು ಬಂತು, ನಂಬಿಕೆ ಬರಲಿಲ್ಲ.

"ಮೇಡಂಗೇ ಪಾಠನಾ ಆಯಮ್ಮ?" ಎಂದು ಅಲ್ಲೇ ನಿಂತಿದ್ದ ನರ್ಸ್ ಚುಚ್ಚಿದಳು.

ಆಯಮ್ಮ ಸೊಪ್ಪು ಹಾಕಲಿಲ್ಲ. ಮಗಳನ್ನು ಒಳಗೆ ಕರೆದೊಯ್ದು ಕೂರಿಸಿ, ಅಜ್ಜಿಯ ಎಡಗೈಯನ್ನು ಅವಳ ಕೈಗಿಟ್ಟಳು. ಅಜ್ಜಿಗೆ ಅಳು ಉಕ್ಕಿ ಬಂತು.

"ಮುಖ ನೋಡ್ಬೇಡಿ, ಕಾಲು ನೋಡಿ. ಹೊರಳಿಸುವಾಗ ನಿಜವಾಗ್ಲೂ ನೋವಾದ್ರೆ ಇವರು ಕಾಲ್ಬೆರಳು ಮಡಚ್ತಾರೆ."

ಹೊದಿಕೆ ಸರಿಸಿದಳು. ಎಡಗಾಲಿನ ಬೆರಳುಗಳು ಸಡಿಲವಾಗಿದ್ದವು.

"ಈಗ ಹೊರಡೋ ಹಾಗೆ ಏಳಿ."

ಮಗಳು ಎದ್ದಳು. ಅಜ್ಜಿಯ ಕೈ ಅವಳ ಮಣಿಕಟ್ಟನ್ನು ಗಬಕ್ಕನೆ ಹಿಡಿಯಿತು, ಕಾಲ್ಬೆರಳು ಮಡಚಿಕೊಂಡವು. ಕೂತಳು, ಬಿಚ್ಚಿಕೊಂಡವು. ಎದ್ದಳು, ಮತ್ತೆ ಅದೇ ಹಿಡಿತ. ಮೂರನೇ ಸಲ ಏಳಲು ಅವಳಿಗೇ ಮನಸ್ಸಾಗಲಿಲ್ಲ.

ವಿಷಯ ಕೇಳಿದ ಡಾಕ್ಟರು ಮಗಳಿಗೆ, "ಮೆದುಳಿಗೆ ಪೆಟ್ಟಾದಾಗ ಕೆಲವರಿಗೆ ಅಳು ತಾನಾಗೇ ಬರುತ್ತೆ, ದುಃಖವೇ ಇರ್ಬೇಕಿಲ್ಲ. ನಾನೇ ಹೇಳ್ಬೇಕಿತ್ತು," ಎಂದು ಒಪ್ಪಿಕೊಂಡರು. ಆಮೇಲೆ ನರ್ಸ್ ಕಡೆ ತಿರುಗಿ, "ಇವರ ನೋವು ನಲಿವಿನ ವಿಷಯ ಇನ್ಮೇಲೆ ಆಯಮ್ಮನ್ನ ಕೇಳಿ ಬರೀರಿ," ಎಂದರು.

ಮರುದಿನ ಮಗಳು ಬಂದಳು. ಅಜ್ಜಿ ಗೊಳೋ ಎಂದಳು. ಮಗಳು ಅವಳ ಕಣ್ಣೊರೆಸುತ್ತಾ ಕಾಲೇಜಿನ ಸುದ್ದಿ ಹೇಳುತ್ತಾ ಕೂತಳು. ನರ್ಸ್ ಹಾಳೆ ಹಿಡಿದು ಬಂದು, "ಇವತ್ತು ಹೇಗಿದ್ದಾರೆ ಆಯಮ್ಮ?" ಎಂದು ಕೇಳಲೇಬೇಕಾಯಿತು.

ಆಯಮ್ಮ ಬೆನ್ನು ನೆಟ್ಟಗೆ ಮಾಡಿ, ವಾರ್ಡಿಗೆಲ್ಲ ಕೇಳುವ ಹಾಗೆ ಹೇಳಿದಳು: "ಬರ್ಕೋ ತಾಯಿ. ಸುಖವಾಗಿ ಅಳ್ತಿದ್ದಾರೆ."