ಅಲುಗಾಡಿಸಬಾರದ ಜಾಡಿ

ಪಕ್ಕದ ಸೈಟಿಗೆ ಇವತ್ತು ಬೆಳಿಗ್ಗೆ ಒಂದು ಲಾರಿ ಎಂ-ಸ್ಯಾಂಡ್, ಅದೇ ಕಲ್ಲು ಪುಡಿಮಾಡಿದ ಮರಳು, ಬಂತು. ನೀರು ಚಿಮುಕಿಸಿದಾಗ ಎದ್ದ ವಾಸನೆಗೆ ನಮ್ಮ ಕಾಲೇಜಿನ ಫಿಸಿಕ್ಸ್ ಮೇಡಂ ನೆನಪಾದರು. ಅವರ ಹತ್ತಿರ ಜಾಡಿಯಲ್ಲಿ ಇದ್ದದ್ದು ನರಸೀಪುರದ ಹೊಳೆ ಮರಳು. ಒಣಗಿದ್ದು, ಮುಚ್ಚಳ ಬಿಗಿದದ್ದು, ವಾಸನೆಯೇ ಇಲ್ಲದ್ದು. ನೆನಪು ಹೀಗೇ, ಸಿಕ್ಕಿದ ಬಾಗಿಲಿನಿಂದ ನುಗ್ಗುತ್ತದೆ...

ನಂಜನಗೂಡಿನ ಆ ಕಾಲೇಜಿನಲ್ಲಿ ನಾನು ಕನ್ನಡ ಪಾಠ ಮಾಡುತ್ತಿದ್ದೆ. ಮೇಡಂ ಲ್ಯಾಬಿನ ಕಿಟಕಿಯಲ್ಲಿ ಅರ್ಧ ಮರಳು ತುಂಬಿದ ಗಾಜಿನ ಜಾಡಿಯೊಂದನ್ನು ಯಾರೂ ಮುಟ್ಟದಂತೆ ಇಟ್ಟಿದ್ದರು. "ಮರಳು ಸುಮ್ನೆ ಕೂತಿರಲ್ಲ ಕಣ್ರೀ" ಎನ್ನುತ್ತಿದ್ದರು. ಹರಳಿಗೆ ಹರಳು ತಾಗುವುದು ಕೂದಲಿಗಿಂತ ಸಣ್ಣ ತುದಿಯಲ್ಲಿ. ಅಲ್ಲಿ ಜಾಡಿಯೊಳಗಿನ ಗಾಳಿಯ ತೇವ ಸೇರಿ, ಎರಡೂ ಕಡೆಯ ಪರಮಾಣುಗಳು ನಿಧಾನವಾಗಿ ಒಂದನ್ನೊಂದು ಹಿಡಿದುಕೊಳ್ಳುತ್ತವೆ. ಅದಕ್ಕೇ ಹಳೆಯ ಗುಡ್ಡೆ ಹೊಸದಕ್ಕಿಂತ ತಡವಾಗಿ ಜಾರುತ್ತದಂತೆ. ಒಮ್ಮೆ ಅಲುಗಿದರೆ ಆ ಹಿಡಿತವೆಲ್ಲ ಬಿಟ್ಟುಹೋಗಿ ಮೊದಲಿನಿಂದ ಶುರುವಾಗಬೇಕಂತೆ. ನಿವೃತ್ತಿಯ ದಿನ ಈ ಜಾಡಿಯನ್ನೂ ಆಗಷ್ಟೇ ತುಂಬಿದ ಇನ್ನೊಂದನ್ನೂ ಒಟ್ಟಿಗೆ ಓರೆ ಮಾಡಬೇಕು, ಕಾಣದ ಪರಮಾಣುವಿನ ಕೆಲಸವನ್ನು ಹುಡುಗರಿಗೆ ಒಂದು ಸಲವಾದರೂ ಕಣ್ಣಾರೆ ತೋರಿಸಬೇಕು. ಅದೊಂದೇ ಅವರ ಆಸೆ.

ಆಯುಧಪೂಜೆ ಬಂತು. ಕಳಲೆಯಿಂದ ಬರುತ್ತಿದ್ದ ಅಟೆಂಡರ್ ಲ್ಯಾಬಿನ ಸಾಮಾನನ್ನೆಲ್ಲ ಒರೆಸಿ ಜೋಡಿಸಿದ. ಜಾಡಿಯನ್ನೂ ಎತ್ತಿ, ತಿರುಗಿಸಿ ತಿರುಗಿಸಿ ಉಜ್ಜಿ, ವಿಭೂತಿ ಬಳಿದು, ಕುಂಕುಮವಿಟ್ಟು, ಸೇವಂತಿಗೆ ಮುಡಿಸಿದ್ದ.

"ಅಯ್ಯೋ, ಅದನ್ನ ಮುಟ್ಬೇಡ ಅಂದಿದ್ನಲ್ಲಪ್ಪಾ!"

"ಎಲ್ಲಾದ್ಕೂ ಪೂಜೆ ಮಾಡ್ಬುಟ್ಟು ಇದೊಂದ್ನ ಬುಟ್ರೆ, ಅದು ಬೇಜಾರ್ ಮಾಡ್ಕಳಾಕಿಲ್ವಾ ಮೇಡಂ?"

ಮೇಡಂ ಮುಖ ಸಪ್ಪಗಾಯಿತು. ಆಮೇಲೆ ನಗು ತಡೆಯಲಾಗದೆ, "ಆಯ್ತು ಬಿಡು, ಇವತ್ತಿಂದ ಮತ್ತೆ ಶುರು" ಅಂದರು.

ನಿವೃತ್ತಿಯ ದಿನ ಎರಡೂ ಜಾಡಿ ಓರೆಯಾದವು. ಹಳೆಯದು ಒಂದು ಗಳಿಗೆ ತಡೆದು ನಿಂತದ್ದು, ಮೇಡಂ ಚಪ್ಪಾಳೆ ತಟ್ಟಿದ್ದು ನನ್ನ ಕಣ್ಣಿಗೆ ಕಟ್ಟಿದಂತಿದೆ. ಮೊನ್ನೆ ಸಂತೆಯಲ್ಲಿ ಸಿಕ್ಕಿದ ಅಟೆಂಡರ್ ಬೇರೆಯೇ ಹೇಳಿದ: "ಎರಡೂವೆ ಒಟ್ಗೇ ಜಾರ್ದೊ ಸಾ. ಚಪ್ಪಾಳೆ ತಟ್ಟಿದ್ದು ನೀವು! ಮೇಡಂ ನೊಂದ್ಕಂಡಾರು ಅಂತ."

ಇರಬಹುದು... ಕೇಳೋಣವೆಂದರೆ ಮೇಡಂ ತೀರಿಕೊಂಡು ಎರಡು ಮಳೆಗಾಲ ಕಳೆಯಿತು.

ಕಾಲೇಜು ಬಿಟ್ಟು ಹೊರಡುವಾಗ ಅವರು ನನಗೆ ಕೊಟ್ಟ ಆ ಹಳೆಯ ಜಾಡಿ ಈಗ ನನ್ನ ಕಪಾಟಿನಲ್ಲಿದೆ. ಕುಂಕುಮದ ಕಲೆ ಇನ್ನೂ ಹೋಗಿಲ್ಲ. ಓರೆ ಮಾಡಿ ನೋಡುವ ಧೈರ್ಯ ನನಗೆ ಬಂದಿಲ್ಲ. ಬೆಳಿಗ್ಗೆ ಲಾರಿ ಮರಳು ಸುರಿದಾಗ ಮನೆಯೇ ಅದುರಿತು. ಓಡಿಹೋಗಿ ಜಾಡಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ. ಲಾರಿ ಹೋದ ಮೇಲೂ ಮರಳು ಅಲುಗುತ್ತಿತ್ತು. ನಡುಗುತ್ತಿದ್ದದ್ದು ನನ್ನ ಕೈ.

"ಇವತ್ತಿಂದ ಮತ್ತೆ ಶುರು, ಮೇಡಂ" ಎಂದೆ.

ನಗಲು ಅವರಿರಲಿಲ್ಲ.