ಮಳೆ ಕಾಣದ ಬ್ಯೂಕ್

ಅಮೆರಿಕದ ಫ್ಲಿಂಟ್ ಊರಿನಲ್ಲಿ ನಮ್ಮ ಬೀದಿಯ ಒಬ್ಬೊಬ್ಬ ಗಂಡಸಿಗೂ ಒಂದೊಂದು ಹುಚ್ಚು. ಎದುರುಮನೆಯ ವರ್ಲನ್ ಟ್ಯಾಕೆಟ್‌ನದು ಗಾಜಿನ ಹುಚ್ಚು. ಬ್ಯೂಕ್ ಕಾರಿನ ಕಾರ್ಖಾನೆಯ ಕೊನೆಯ ತಪಾಸಣೆಯಲ್ಲಿ ಅವನ ಕೆಲಸವೇ ಅದಾಗಿತ್ತು. ಸಿದ್ಧವಾಗಿ ಬಂದ ಕಾರಿನೊಳಗೆ ತೂರಿಕೊಂಡು ಗಾಜನ್ನು ಒಳಗಿನಿಂದ ಒರೆಸಬೇಕು, ದೀಪ ಹಿಡಿದು ಗೀರು ಹುಡುಕಬೇಕು. ಅವನು ನಿವೃತ್ತನಾದರೂ ಕೈ ನಿವೃತ್ತವಾಗಲಿಲ್ಲ. ನಮ್ಮ ಮನೆಗೆ ಕಾಫಿಗೆ ಬಂದರೆ ಮಾತಾಡುತ್ತಲೇ ಅಡುಗೆಮನೆಯ ಕಿಟಕಿ ಒರೆಸಿಬಿಡುವನು. ನಾನು ಶಾಲೆಯ ಬಸ್ಸು ಓಡಿಸುತ್ತಿದ್ದಾಗ ಅದರ ಗಾಜನ್ನೂ ಬಿಟ್ಟವನಲ್ಲ. ಪುಕ್ಕಟೆ ಕೆಲಸ, ನನಗೇನು ನಷ್ಟ ಎಂದು ಸುಮ್ಮನಿರುತ್ತಿದ್ದೆ.

ಕೆಂಟಕಿಯ ಗುಡ್ಡಗಾಡಿನಿಂದ ಕೆಲಸ ಹುಡುಕಿಕೊಂಡು ಬಂದವನು ಅವನು. ಕೈಗೆ ನಾಲ್ಕು ಕಾಸು ಬಂದ ಕೂಡಲೇ ಎಪ್ಪತ್ತನೇ ಇಸವಿಯ ಬ್ಯೂಕ್ ಜಿಎಸ್ ಕೊಂಡ. ಎರಡೇ ಬಾಗಿಲು, ಕೆಂಪು ಬಣ್ಣ, ಬಾನೆಟ್ಟಿನ ಕೆಳಗೆ ಗೂಳಿಯಂಥ ಎಂಜಿನ್. ಅವನು ಅದನ್ನು ಚಾಲೂ ಮಾಡಿದರೆ ಈಚೆ ಬದಿಯ ನಮ್ಮ ಕಪಾಟಿನಲ್ಲಿ ತಟ್ಟೆಗಳು ನಡುಗುತ್ತಿದ್ದವು. ಅದೇ ಬೇಸಿಗೆಯಲ್ಲಿ ಗ್ಲೆಂಡಾಳನ್ನು ಮದುವೆಯಾದ. ತನ್ನ ಮೇಲೆ ಪ್ರೀತಿ ಜಾಸ್ತಿಯೋ ಕಾರಿನ ಮೇಲೋ ಎಂದು ಅವಳು ಕೇಳಿದಾಗಲೆಲ್ಲ ಅವನಿಗೆ ಕೆಮ್ಮು ಬರುತ್ತಿತ್ತು.

ಗ್ಲೆಂಡಾ ನನ್ನ ಗೆಳತಿ, ಗಿಡ್ಡ ಹೆಂಗಸು. ಕಾರು ಹತ್ತಿದಳೋ, ಸೀಟನ್ನು ಪೂರ್ತಿ ಮುಂದಕ್ಕೆ ಎಳೆದುಕೊಂಡು, ಚಪ್ಪಲಿ ಬಿಟ್ಟು, ಎರಡೂ ಕಾಲು ಎತ್ತಿ ಮುಂದಿನ ಗಾಜಿಗೆ ಒತ್ತಿ ಕೂರುವಳು. ಗಾಜಿನ ಮೇಲೆ ಹತ್ತು ಬೆರಳಿನ ಗುರುತು. ವರ್ಲನ್‌ಗೆ ಮೈ ಉರಿಯುತ್ತಿತ್ತು. "ಕಾಲ್ ತೆಗಿ ಗ್ಲೆಂಡಾ, ಆಮೇಲೆ ನಾನೇ ಒರೆಸ್ಬೇಕು," ಎನ್ನುವನು. "ಊರೋರ ಗಾಜೆಲ್ಲ ಒರೆಸಿದೀಯ, ನಂದು ಭಾರ ಆಯ್ತಾ?" ಎನ್ನುವಳು. ಮನೆಗೆ ಬಂದ ಮೇಲೆ ಅವನು ಗೊಣಗಿಕೊಂಡು ಒರೆಸುವುದು, ಮುಂದಿನ ವಾರ ಅವಳು ಮತ್ತೆ ಒತ್ತುವುದು. ಮಕ್ಕಳಿಲ್ಲದ ಆ ಮನೆಯಲ್ಲಿ ಇದಕ್ಕಿಂತ ದೊಡ್ಡ ಜಗಳ ನಾನು ಕೇಳಿಲ್ಲ.

ಇನ್ನೊಂದು ಸಣ್ಣ ಜಗಳವಿತ್ತು. ಇಂಥ ಕಾರು ಇಟ್ಟುಕೊಂಡ ನಮ್ಮೂರ ಗಂಡಸರಿಗೆ ಒಂದು ವ್ರತ: ಕಾರಿಗೆ ಮಳೆ ತಾಕಬಾರದು. ಮೋಡ ಕಂಡರೆ ಮನೆಗೆ ತಿರುಗಿಸು. ಹಿಮ ಕರಗಲೆಂದು ರಸ್ತೆಗೆ ಉಪ್ಪು ಸುರಿಯುವ ಮೊದಲೇ ಗ್ಯಾರೇಜಿಗೆ ಸೇರಿಸಿ ಹೊದಿಕೆ ಹೊದಿಸು. ತಗಡಿಗೆ ತುಕ್ಕು ಹಿಡಿದರೆ ಬಾಳೇ ಹಾಳಾದಂತೆ. ಗ್ಲೆಂಡಾಗೋ ಮಳೆಯೆಂದರೆ ಪ್ರಾಣ. ಒಂದೇ ಒಂದು ಸಲ ಆ ಕಾರಿನಲ್ಲಿ ಮಳೆಯಲ್ಲಿ ಕರೆದುಕೊಂಡು ಹೋಗೆಂದು ವರ್ಷಗಟ್ಟಲೆ ಕೇಳಿದಳು. ಅವನು ಮುಂದಿನ ವರ್ಷ ನೋಡೋಣ ಎನ್ನುತ್ತ ಬಂದ. ಆಮೇಲೆ ಅವಳಿಗೆ ಮುಂದಿನ ವರ್ಷ ಎಂಬುದೇ ಉಳಿಯಲಿಲ್ಲ.

ಕೊನೆಗಾಲದಲ್ಲಿ ಅವಳನ್ನು ಊರಾಚೆಯ ಆರೈಕೆಮನೆಗೆ ಸೇರಿಸಿದರು. ಗುಣವಾಗುವುದಿಲ್ಲ ಎಂದಾದವರನ್ನು ನೋವಿಲ್ಲದಂತೆ ನೋಡಿಕೊಳ್ಳುವ ಜಾಗ ಅದು, ದಾನದ ಮೇಲೆ ನಡೆಯುತ್ತದೆ. ಒಂದು ದಿನ ಗ್ಲೆಂಡಾ ಬ್ಯೂಕಿನ ಸದ್ದು ಕೇಳಬೇಕೆಂದಳು. ಅಲ್ಲಿನ ಮೇಲ್ವಿಚಾರಕಿ ರೆನೆಟಾ ಕಾರನ್ನು ಹುಲ್ಲುಹಾಸಿನ ಮೇಲೇ ತಂದು ನಿಲ್ಲಿಸಲು ಹೇಳಿದಳು. ಸದ್ದಿಗೆ ಬೈಯಬೇಕಾದವಳು ತಾನೇ ಕಿಟಕಿ ತೆರೆದು ಮಂಚವನ್ನು ಅದರ ಹತ್ತಿರಕ್ಕೆ ತಳ್ಳಿದಳು. ಎಂಜಿನ್ ಗುಡುಗಿತು. ಗ್ಲೆಂಡಾ ಕಣ್ಣು ಮುಚ್ಚಿಕೊಂಡು ನಕ್ಕಳು. ಅವಳು ನಕ್ಕದ್ದನ್ನು ನಾನು ಕಂಡದ್ದು ಅದೇ ಕೊನೆ.

ಮಣ್ಣು ಮಾಡಿ ಬಂದ ಮೇಲೆ ವರ್ಲನ್ ಕಾರನ್ನು ಹೊರಗೆ ತೆಗೆಯಲೇ ಇಲ್ಲ. ದಿನಾ ಸಾಯಂಕಾಲ ಗ್ಯಾರೇಜಿನ ಬಾಗಿಲು ಎತ್ತಿ, ಕಾರಿನಲ್ಲಿ ಸುಮ್ಮನೆ ಕೂತಿರುತ್ತಿದ್ದ. ನಾನು ಪಾತ್ರೆ ತೊಳೆಯುತ್ತ ಕಿಟಕಿಯಿಂದ ನೋಡುತ್ತಿದ್ದೆ. ಒಂದು ದಿನ ತಡೆಯಲಾರದೆ ಹೋಗಿ, ಅಲ್ಲೇನು ಸಿನಿಮಾ ತೋರಿಸುತ್ತಿದ್ದಾರೆಯೇ ಎಂದು ಕೇಳಿದೆ. ಅವನು ಪಕ್ಕದ ಸೀಟಿನ ಮುಂದಿನ ಗಾಜು ತೋರಿಸಿದ. ಇಳಿಬಿಸಿಲಿನಲ್ಲಿ ಗಾಜಿನ ಮೇಲೆ ಎರಡು ಪುಟ್ಟ ಪಾದ, ಹತ್ತು ಬೆರಳು. ಅವಳು ಆಸ್ಪತ್ರೆ ಹಿಡಿಯುವ ಮುಂಚೆ ಹೋದ ಕೊನೆಯ ಸವಾರಿಯದು. ಅವನು ಒರೆಸಿರಲಿಲ್ಲ.

ಹೀಗೇ ಒಂದೂವರೆ ವರ್ಷ ಕಳೆಯಿತು. ಮೊನ್ನೆ ಅಕ್ಟೋಬರಿನಲ್ಲಿ, ಬ್ಯೂಕನ್ನು ಆರೈಕೆಮನೆಗೆ ಕೊಟ್ಟುಬಿಡುತ್ತೇನೆ ಎಂದ. ದಾನ ಕೂಡಿಸಲೆಂದು ನಡೆಸುವ ಶರತ್ಕಾಲದ ಊಟದ ದಿನ ಅವರು ಅದನ್ನು ಹರಾಜು ಹಾಕಿ ಬಂದ ಹಣವನ್ನು ರೋಗಿಗಳಿಗೆ ಬಳಸುವರಂತೆ. ಬೆಳಗಿನ ತಿಂಡಿಯ ಅಂಗಡಿಯಲ್ಲಿ ಕೂರುವ ಕಾರ್ಖಾನೆಯ ಮುದುಕರೆಲ್ಲ, ನಿನಗೆ ತಲೆ ಕೆಟ್ಟಿದೆ ಎಂದರು. ನಾನು ಮಾತ್ರ, ಆ ಗಾಜಿನ ಗತಿ ಏನು ಎಂದು ಕೇಳಿದೆ.

"ಅದಕ್ಕೇ ಕೊಡ್ತಿರೋದು, ಬರ್ನೀಸ್," ಎಂದ. "ನಾನು ಸತ್ತಮೇಲೆ ಯಾವನೋ ಬಂದು ಒರೆಸ್ತಾನೆ. ಇರುವಾಗ್ಲೇ ಕೊಟ್ರೆ, ಅದೊಂದು ಕಡೆ ಮುಟ್ಬೇಡಿ ಅಂತ ಹೇಳ್ಬೋದು."

ಕೊಳೆಯಾದ ಕಾರನ್ನು ಇನ್ನೊಬ್ಬರ ಕೈಗೆ ಕೊಡುವುದೆಂದರೆ ಕಾರ್ಖಾನೆಯವರಿಗೆ ಅವಮಾನ. ಕಾರು ಒಪ್ಪಿಸುವ ಹಿಂದಿನ ದಿನ ವರ್ಲನ್ ಬೆಳಗಿನಿಂದಲೇ ತೊಳೆಯಲು ನಿಂತ. ನಾನು ಮಡಚುವ ಕುರ್ಚಿ ಹಾಕಿಕೊಂಡು, ಕಾಫಿ ಹೀರುತ್ತ, ಅಲ್ಲಿ ಬಿಟ್ಟೆ ಇಲ್ಲಿ ಬಿಟ್ಟೆ ಎಂದು ಕೆಣಕುತ್ತಿದ್ದೆ. ಚಕ್ರ ತೊಳೆದ, ಮೇಣ ತಿಕ್ಕಿದ, ಸೀಟಿಗೆ ಎಣ್ಣೆ ಹಚ್ಚಿದ. ಕಾರ್ಖಾನೆಯ ಯಾವುದೋ ಹಳೆಯ ಕಥೆ ಹೇಳುತ್ತ ಬಟ್ಟೆ ಹಿಡಿದು ಒಳಗೆ ಹೋದ. ಕಥೆ ನಡುವೆಯೇ ನಿಂತುಹೋಯಿತು. ಎದ್ದು ಹೋಗಿ ನೋಡಿದೆ. ಪಕ್ಕದ ಸೀಟಿನಲ್ಲಿ ಮಂಡಿಯೂರಿದ್ದ. ಬಟ್ಟೆ ಇನ್ನೂ ಗಾಜಿನ ಮೇಲೇ ಇತ್ತು.

"ಒರೆಸ್ಬಿಟ್ಟೆ," ಎಂದ.

ಅವನ ಬುದ್ಧಿ ಬೇಡವೆಂದಿದ್ದನ್ನು ಕೈ ತನ್ನ ಪಾಡಿಗೆ ಮಾಡಿ ಮುಗಿಸಿತ್ತು. ಹೊಳೆಯುವ ಗಾಜು ಕಂಡು ಅಷ್ಟು ಸಂಕಟವಾದದ್ದು ನನಗೆ ಅದೇ ಮೊದಲು. ಅವನು ಗ್ಯಾರೇಜಿನ ಬಾಗಿಲು ಎಳೆಯುತ್ತ, ಕಾರು ಕೊಡುವುದಿಲ್ಲ, ರೆನೆಟಾಗೆ ಹೇಳಿಬಿಡು ಎಂದ. ಅವಳ ಗುರುತೇ ಇಲ್ಲದ ಮೇಲೆ ಯಾರಿಗೆ ಏನು ಕೊಡುವುದು ಎಂದ. ನಾನು ಫೋನು ಮಾಡಲಿಲ್ಲ. ಬೆಳಗಾದರೆ ಬುದ್ಧಿ ತಿರುಗೀತು ಎಂದುಕೊಂಡೆ.

ಬೆಳಗಾದರೆ ಧೋ ಎಂದು ಮಳೆ, ಜೊತೆಗೆ ಎಲುಬು ಕೊರೆಯುವ ಚಳಿ. ಇನ್ನು ಅವನು ಹೊರಡುವ ಮಾತೇ ಇಲ್ಲ ಎಂದುಕೊಳ್ಳುವಷ್ಟರಲ್ಲಿ ನನ್ನ ಕಪಾಟಿನ ತಟ್ಟೆಗಳು ನಡುಗಿದವು. ಓಡಿಹೋಗಿ ನೋಡಿದರೆ ಬ್ಯೂಕು ಮಳೆಯಲ್ಲಿ ನಿಂತಿದೆ. ಅದರ ಜನ್ಮದಲ್ಲೇ ಮೊದಲ ಸಲ.

"ಹಿಂದುಗಡೆ ಕೂತ್ಕೋ," ಎಂದ ವರ್ಲನ್.

"ಆರೈಕೆಮನೆಗಾ?"

"ಕೊಡೋದು ಬಿಡೋದು ಆಮೇಲ್ ನೋಡೋಣ. ಅವ್ಳು ಕೇಳ್ತಾನೇ ಇದ್ಲು. ಮೊದ್ಲು ಮಳೇಲಿ ಹೋಗ್ಬೇಕು."

ಅವನ ಪಕ್ಕದ ಸೀಟು ಗ್ಲೆಂಡಾ ಎಳೆದುಕೊಂಡಿದ್ದಷ್ಟೇ ಮುಂದಿತ್ತು. ನಾನು ಹಿಂದೆ ತೂರಿಕೊಂಡೆ. ನದಿಯ ಪಕ್ಕದಿಂದ, ಈಗ ಕೆಡವಿ ಬರೀ ಬಯಲಾಗಿರುವ ಹಳೆಯ ಕಾರ್ಖಾನೆಯ ಬೇಲಿಯ ಉದ್ದಕ್ಕೂ ಹೋದೆವು. ನೀರು ತಗಡಿನ ಮೇಲೆ ಬಡಿಯುತ್ತಿತ್ತು. ಗ್ಲೆಂಡಾ ಇದ್ದಿದ್ದರೆ ಏನೆನ್ನುತ್ತಿದ್ದಳು ಎಂದು ಯೋಚಿಸಿ ನನಗೆ ಅಳು ಬಂತು. ಇಬ್ಬರ ಉಸಿರಿಗೆ ಗಾಜೆಲ್ಲ ಮಬ್ಬಾಗತೊಡಗಿತು. ವರ್ಲನ್ ತನ್ನ ಮುಂದಿನಷ್ಟನ್ನು ತೋಳಿನಿಂದ ಉಜ್ಜಿಕೊಂಡ. ಕೆಂಪು ದೀಪಕ್ಕೆ ನಿಂತಾಗ, ಪಕ್ಕಕ್ಕೆ ತಿರುಗಿದವನು ಹಾಗೇ ಉಳಿದ.

ಆ ಬದಿಯ ಮಬ್ಬಿನಲ್ಲಿ ಎರಡು ಪುಟ್ಟ ಪಾದಗಳು ಎದ್ದಿದ್ದವು. ಗಾಜಿಗೆ ಅಂಟಿದ ಮೈಯ ಜಿಡ್ಡು ಒಂದು ಸಲ ಒರೆಸಿದರೆ ಹೋಗುವುದಿಲ್ಲವಂತೆ, ಆವಿ ಹಿಡಿದಾಗ ಮತ್ತೆ ಕಾಣುತ್ತದಂತೆ. ಅದನ್ನೆಲ್ಲ ಆಮೇಲೆ ಕೇಳಿ ತಿಳಿದೆ. ಬಿಸಿಲಿನಲ್ಲಷ್ಟೇ ಓಡಿದ ಆ ಕಾರಿನ ಗಾಜು ಹೀಗೆ ಮಬ್ಬಾದದ್ದೇ ಇರಲಿಲ್ಲ.

"ಬರ್ನೀಸ್, ನಿಂಗೂ ಕಾಣ್ತಿದ್ಯಾ?"

"ಕಾಣ್ತಿದೆ ಕಣೋ."

ದೀಪ ಹಸಿರಾಯಿತು. ಹಿಂದಿನವನು ಹಾರನ್ ಒತ್ತಿದ. ವರ್ಲನ್ ಗಾಜಿನ ಮಬ್ಬು ಕಳೆಯುವ ಬಿಸಿಗಾಳಿ ಹಾಕಲಿಲ್ಲ, ಕಿಟಕಿ ಇಳಿಸಲಿಲ್ಲ. ಊರನ್ನೆಲ್ಲ ನಿಧಾನವಾಗಿ ಸುತ್ತಿದ. ಅವರ ಮದುವೆಯಾದ ಚರ್ಚು, ಅವಳು ಕೆಲಸ ಮಾಡುತ್ತಿದ್ದ ಬೇಕರಿ, ಎಲ್ಲದರ ಮುಂದೂ ಹೋದೆವು. ನಾನು ಎಲ್ಲಿಗೆಂದು ಕೇಳಲಿಲ್ಲ. ಕೊನೆಗೆ ಅವನೇ ಊರಾಚೆಯ ರಸ್ತೆ ಹಿಡಿದ.

ಆರೈಕೆಮನೆಯ ಬಾಗಿಲಲ್ಲಿ ರೆನೆಟಾ ಕೊಡೆ ಹಿಡಿದು ನಿಂತಿದ್ದಳು. ಕಾರು ನಿಂತಿತು, ಎಂಜಿನ್ ಓಡುತ್ತಲೇ ಇತ್ತು. ಗ್ಲೆಂಡಾ ಮಲಗಿದ್ದ ಕೋಣೆಯ ಕಿಟಕಿಯಲ್ಲಿ ಈಗ ಬೇರೆ ಯಾರದೋ ಮುಖ. ಸಣಕಲು ಮುದುಕನೊಬ್ಬ ದಿಂಬಿನಿಂದ ತಲೆ ಎತ್ತಿ ಸದ್ದು ಬಂದ ಕಡೆ ನೋಡುತ್ತಿದ್ದ. ವರ್ಲನ್ ಅವನನ್ನು ತುಂಬ ಹೊತ್ತು ನೋಡಿದ. ಒಮ್ಮೆ ಎಂಜಿನ್ನಿನ ಸದ್ದು ಏರಿಸಿದ. ಮುದುಕ ಕೈ ಎತ್ತಿದ.

ವರ್ಲನ್ ಪಕ್ಕದ ಖಾಲಿ ಸೀಟಿನ ಕಡೆ ತಿರುಗಿದ.

"ಕಾಲ್ ತೆಗಿ ಗ್ಲೆಂಡಾ," ಎಂದ ಮೆಲ್ಲಗೆ. "ಬಂದ್ವಿ."

ಬಿಸಿಗಾಳಿಯ ಗುಂಡಿ ಎಳೆದ. ಮಬ್ಬು ಕೆಳಗಿನಿಂದ ಕರಗುತ್ತ ಹೋಯಿತು, ಮೊದಲು ಹಿಮ್ಮಡಿ, ಆಮೇಲೆ ಬೆರಳುಗಳು. ಗಾಜು ತಿಳಿಯಾಗುವವರೆಗೆ ಕಾದಿದ್ದು, ಇಳಿದು ಹೋಗಿ ಬೀಗದಕೈಯನ್ನು ರೆನೆಟಾ ಕೈಯಲ್ಲಿ ಇಟ್ಟ. ಗಾಜಿನ ಮಾತು ಎತ್ತಲೇ ಇಲ್ಲ.

"ತಗೊಳ್ಳೋರಿಗೆ ಒಂದ್ ಮಾತು ಹೇಳಿಬಿಡಮ್ಮ," ಎಂದ. "ಹೆಂಡ್ತಿ ಕೇಳಿದ್ರೆ ಮಳೇಲೂ ಓಡಿಸ್ಲಿ. ಏನೂ ಆಗಲ್ಲ."